ಎಲೆ ಹಾಕಿ ನೀರು ಕಂದಾದರೂ ಪಿಎಚ್ ಇಳಿಯುತ್ತಿಲ್ಲ, ಏನು ಮಾಡಲಿ?

ಅಕ್ವೇರಿಯಂಗೆ ಬಾದಾಮಿ ಎಲೆ ಹಾಕಿ ನೀರು ಚಹಾದ ಬಣ್ಣಕ್ಕೆ ತಿರುಗಿದೆ, ಪಿಎಚ್ (ಕಡಿಮೆಯಾದಷ್ಟೂ ನೀರು ಹೆಚ್ಚು ಆಮ್ಲೀಯ) ಮಾತ್ರ 7.6 ಬಿಟ್ಟು ಕದಲುತ್ತಿಲ್ಲ, ಪಿಎಚ್ ಡೌನ್ ಎಂಬ ಆಮ್ಲದ ದ್ರಾವಣ ಹಾಕಿದ ಸಂಜೆ ಇಳಿದು ಬೆಳಿಗ್ಗೆ ಮತ್ತೆ ಏರುತ್ತದೆ, ಕಾರ್ಡಿನಲ್ ಟೆಟ್ರಾ ಮೀನುಗಳು ಮಂಕಾಗಿವೆ ಎಂದು ಬರೆದಿದ್ದೀರಿ. ದಯವಿಟ್ಟು ಆ ಬಾಟಲಿಯನ್ನು ಇವತ್ತೇ ಎತ್ತಿಡಿ. ಸ್ಥಿರವಾಗಿರುವ 7.6ಕ್ಕಿಂತ ದಿನಕ್ಕೊಮ್ಮೆ ಇಳಿದು ಏರುವುದೇ ಮೀನಿಗೆ ದೊಡ್ಡ ಹಿಂಸೆ.

ನೀವು ನೋಡಬೇಕಾದದ್ದು ಕೆಎಚ್ ಅನ್ನು, ಅಂದರೆ ನೀರಲ್ಲಿ ಕರಗಿರುವ ಬೈಕಾರ್ಬೊನೇಟನ್ನು. ಹಾಕಿದ ಆಮ್ಲವನ್ನೆಲ್ಲ ಅದೇ ನುಂಗಿಬಿಡುತ್ತದೆ. ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ನೀರಲ್ಲಿರುವಷ್ಟು ಹೊತ್ತು ಪಿಎಚ್ ಕೆಳಗಿರುತ್ತದೆ. ಅದು ಗಾಳಿಗೆ ಸೇರಿದ ಮೇಲೆ ಮತ್ತೆ ಮೇಲೆ. ನಿಮಗೆ ಬೆಳಿಗ್ಗೆ ಕಾಣುವುದು ಇದೇ.

ಹನಿ ಹಾಕುವ ಕೆಎಚ್ ಕಿಟ್ ತಂದು ಮೊದಲು ನಲ್ಲಿ ನೀರನ್ನೇ ಪರೀಕ್ಷಿಸಿ. ನಾನು ಮೊದಲ ಸಲ 5 ಮಿಲಿ ನೀರಿಗೆ ಹನಿ ಎಣಿಸುತ್ತಾ ಹೋದೆ, ಎಂಟಾದರೂ ನೀಲಿ ನೀಲಿಯೇ. ಒಂಬತ್ತನೆಯ ಹನಿಗೆ ಹಳದಿಯಾಯಿತು. ಹನಿಗೊಂದು ಡಿಗ್ರಿಯಂತೆ ಕೆಎಚ್ ಒಂಬತ್ತು. ಎರಡು ತಿಂಗಳು ಎಲೆ ಸುರಿದರೂ ಬಣ್ಣ ಬಿಟ್ಟು ಬೇರೇನೂ ಆಗದಿದ್ದದ್ದೇಕೆ ಎಂದು ಅವತ್ತು ತಿಳಿಯಿತು. ಕಾರ್ಡಿನಲ್‌ಗಳ ತವರಾದ, ಅಮೆಜಾನ್‌ನ ಉಪನದಿ ರಿಯೊ ನೀಗ್ರೊದಲ್ಲಿ ಖನಿಜವೇ ಇಲ್ಲವೆನ್ನುವಷ್ಟು ಕಡಿಮೆ. ತಡೆಯುವವರಿಲ್ಲದ್ದರಿಂದಲೇ ಕೊಳೆತ ಎಲೆಗಳ ಹ್ಯೂಮಿಕ್ ಆಮ್ಲ ಅಲ್ಲಿ ಪಿಎಚ್ ಅನ್ನು 4–5ರವರೆಗೆ ಎಳೆಯುತ್ತದೆ.

ಹಾಗಾಗಿ ದಾರಿ ಆರ್‌ಒ ನೀರು, ಅಂದರೆ ಖನಿಜಗಳನ್ನು ಸೋಸಿ ತೆಗೆದ ನೀರು. ಕೆಎಚ್ 9 ಇರುವ ಒಂದು ಬಕೆಟ್ ನಲ್ಲಿ ನೀರಿಗೆ ಐದು ಬಕೆಟ್ ಆರ್‌ಒ ಬೆರೆಸಿದರೆ 1.5ಕ್ಕೆ ಬರುತ್ತದೆ. ಟ್ಯಾಂಕಿನ ನೀರನ್ನು ಒಂದೇ ಸಲ ಬದಲಿಸಬೇಡಿ, ವಾರಕ್ಕೆರಡು ಸಲ ಹತ್ತನೇ ಒಂದು ಭಾಗದಷ್ಟು ಸಾಕು. ಕೆಎಚ್ 2ರ ಕೆಳಗೆ ಬಂದಮೇಲೆ ಅದೇ ಎಲೆ, ಪೀಟ್ (ಜೌಗು ನೆಲದ ಅರೆಕೊಳೆತ ಸಸ್ಯ) ಕೆಲಸ ಮಾಡತೊಡಗುತ್ತವೆ. ಪಿಎಚ್ 6–6.5ರಲ್ಲಿ ನಿಂತರೆ ಅಲ್ಲೇ ಬಿಡಿ. ನದಿಯ ಅಂಕಿಯನ್ನೇ ಹಿಡಿಯುವ ಹಟ ಬೇಡ, ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ನೀರು ಮೆದುವಾಗಿರುವುದೇ, ಅಂದರೆ ಖನಿಜ ಕಡಿಮೆ ಇರುವುದೇ ಮುಖ್ಯ. ಇಷ್ಟಾದರೂ ಕೆಎಚ್ ತಾನಾಗಿ ಏರುತ್ತಿದ್ದರೆ ಒಳಗಿನ ಕಲ್ಲೊಂದನ್ನು ಒರೆಸಿ ಒಣಗಿಸಿ ವಿನೆಗರ್ ಬಿಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು, ಹೊರಗೆ ಹಾಕಿ. ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇದ್ದರೆ ಅದನ್ನೂ ತೆಗೆಯಿರಿ, ಎಲೆ ಬಿಟ್ಟ ಟ್ಯಾನಿನ್ ಎಂಬ ಕಂದು ಸತ್ವವನ್ನೆಲ್ಲ ಅದು ಹೀರುತ್ತದೆ.

ಇನ್ನೊಂದು ವಿಷಯ, ಇದನ್ನು ಹೇಳಲೆಂದೇ ಇಷ್ಟು ಬರೆಯಲು ಕುಳಿತೆ. ಪಿಎಚ್ 6ರ ಕೆಳಗೆ ಹೋದರೆ ತ್ಯಾಜ್ಯವನ್ನು ತಿಂದು ಮುಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳು ತೀರಾ ನಿಧಾನವಾಗುತ್ತವೆ. ಮೀನು ಬಿಡುವ ತ್ಯಾಜ್ಯ ಅಮೋನಿಯಂ ರೂಪದಲ್ಲಿ ಕೂಡುತ್ತಾ ಹೋಗುತ್ತದೆ, ಆಮ್ಲೀಯ ನೀರಲ್ಲಿ ಅದರಿಂದ ಅಷ್ಟು ತೊಂದರೆ ಕಾಣುವುದಿಲ್ಲ. ಪಿಎಚ್ ಏರಿಸಿದಿರೋ, ಅದೇ ವಿಷಕಾರಿ ಅಮೋನಿಯಾ ಆಗುತ್ತದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 6ರಿಂದ 8ಕ್ಕೆ ಹೋದರೆ ಅದರ ಪಾಲು ಸುಮಾರು ನೂರು ಪಟ್ಟು ಹೆಚ್ಚು. ಒಮ್ಮೆ ಕೆಲವು ವಾರ ನೀರು ಬದಲಿಸದೆ ಬಿಟ್ಟಿದ್ದೆ, ಪಿಎಚ್ 5.3ಕ್ಕೆ ಇಳಿದಿತ್ತು. ಹೆದರಿ ಅರ್ಧ ಟ್ಯಾಂಕ್ ನಲ್ಲಿ ನೀರು ತುಂಬಿಸಿದೆ. ಒಂದು ಗಂಟೆಯೊಳಗೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಹನ್ನೊಂದು ಸತ್ತವು. ಆ ಸಂಜೆ ಇನ್ನೂ ಮರೆತಿಲ್ಲ.

ಆದ್ದರಿಂದ ನೀರು ಬದಲಿಸುವ ಮುನ್ನ ಪಿಎಚ್ ಜೊತೆ ಅಮೋನಿಯಾವನ್ನೂ ನೋಡಿ. ಅಮೋನಿಯಾ ಕಿಟ್ ಅಮೋನಿಯಂ, ಅಮೋನಿಯಾ ಎರಡನ್ನೂ ಒಟ್ಟಿಗೇ ಅಳೆಯುತ್ತದೆ. ಏನಾದರೂ ತೋರಿಸಿದರೆ, ಟ್ಯಾಂಕಿನಷ್ಟೇ ಮೆದುವಾದ, ಅದೇ ಪಿಎಚ್‌ನ ನೀರಿನಿಂದಲೇ ಸ್ವಲ್ಪ ಸ್ವಲ್ಪ ಬದಲಿಸಿ, ಎರಡು ದಿನ ಊಟ ಕಡಿಮೆ ಮಾಡಿ. ನಿಮ್ಮ ನಲ್ಲಿ ನೀರಿನ ಕೆಎಚ್ ಎಷ್ಟು ಬಂತು ತಿಳಿಸಿ, ಎಷ್ಟು ಆರ್‌ಒ ಬೆರೆಸಬೇಕು ಎಂದು ಲೆಕ್ಕ ಹಾಕಿ ಹೇಳುತ್ತೇನೆ.