ಓದುಗರ ಪ್ರಶ್ನೆಗೆ ಉತ್ತರ: ಟಾಮ್‌ಕ್ಯಾಟ್‌ನಲ್ಲಿ ಕನೆಕ್ಷನ್ ಪೂಲ್

ಪ್ರಶ್ನೆ: ನಮ್ಮ ಜಾವಾ ವೆಬ್ ಸರ್ವರ್ ಟಾಮ್‌ಕ್ಯಾಟ್ ಅನ್ನು 7ರಿಂದ 9ಕ್ಕೆ ಬದಲಾಯಿಸಿದೆವು. ಕಾಂಟೆಕ್ಸ್ಟ್ ಫೈಲಿನಲ್ಲಿ ಮ್ಯಾಕ್ಸ್‌ಆಕ್ಟಿವ್ (ಏಕಕಾಲಕ್ಕೆ ಬಳಸಬಹುದಾದ ಡೇಟಾಬೇಸ್ ಕನೆಕ್ಷನ್‌ಗಳ ಮಿತಿ) 100 ಎಂದು ಮೊದಲಿನಂತೆಯೇ ಇದೆ. ಆದರೂ ಕೆಲವು ಗಂಟೆ ಓಡಿದ ಮೇಲೆ ಯಾವ ಪುಟವೂ ತೆರೆಯುವುದಿಲ್ಲ, ಎರರ್ ಕೂಡ ಬರುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಏಕೆ?

ಉತ್ತರ: ನಿಮ್ಮ 100 ಈಗ ಲೆಕ್ಕಕ್ಕೇ ಇಲ್ಲ. ಟಾಮ್‌ಕ್ಯಾಟ್ 8ರಿಂದ ಒಳಗಿರುವುದು ಡಿಬಿಸಿಪಿ 2 ಎಂಬ ಕನೆಕ್ಷನ್ ಪೂಲ್, ಅಂದರೆ ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳನ್ನು ಕೊಟ್ಟು ವಾಪಸ್ ಪಡೆಯುವ ಲೈಬ್ರರಿ. ಅದರಲ್ಲಿ ಮ್ಯಾಕ್ಸ್‌ಆಕ್ಟಿವ್ ಹೋಗಿ ಮ್ಯಾಕ್ಸ್‌ಟೋಟಲ್ ಬಂದಿದೆ, ಕನೆಕ್ಷನ್‌ಗಾಗಿ ಕಾಯುವ ಅವಧಿ ಹೇಳುವ ಮ್ಯಾಕ್ಸ್‌ವೇಟ್ ಹೋಗಿ ಮ್ಯಾಕ್ಸ್‌ವೇಟ್‌ಮಿಲ್ಲಿಸ್ ಬಂದಿದೆ. ಹಳೆಯ ಹೆಸರು ಕಂಡರೆ ಸರ್ವರ್ ನಿಲ್ಲುವುದಿಲ್ಲ. ಲಾಗಿನಲ್ಲಿ ಒಂದು ವಾರ್ನಿಂಗ್ ಬರೆದು ಸುಮ್ಮನೆ ಮುಂದೆ ಹೋಗುತ್ತದೆ. ಆ ಸಾಲನ್ನು ಯಾರೂ ಓದುವುದಿಲ್ಲ. ಜಾರಿಯಲ್ಲಿರುವುದು ಡಿಫಾಲ್ಟ್: 8 ಕನೆಕ್ಷನ್, ಕಾಯುವ ಅವಧಿ -1, ಅಂದರೆ ಮಿತಿಯೇ ಇಲ್ಲ. ಎಂಟೂ ಹೊರಗಿದ್ದರೆ ಒಂಬತ್ತನೆಯ ಥ್ರೆಡ್ (ಒಂದು ಪುಟದ ಕೋರಿಕೆಯನ್ನು ನಡೆಸುವ ಎಳೆ) ಕಾಯುತ್ತಲೇ ಇರುತ್ತದೆ. ಎರರ್ ಕಾಣದಿರುವುದು ಅದಕ್ಕೇ.

ಹೆಸರು ತಿದ್ದಿ, ಮ್ಯಾಕ್ಸ್‌ವೇಟ್‌ಮಿಲ್ಲಿಸ್‌ಗೆ 10000 ಕೊಡಿ. ಆಗ ಹತ್ತು ಸೆಕೆಂಡಿಗೆ ಎರರ್ ಆದರೂ ಬರುತ್ತದೆ. ಮ್ಯಾಕ್ಸ್‌ಟೋಟಲ್ ಮಾತ್ರ 100ಕ್ಕೆ ಏರಿಸಬೇಡಿ. ಗಂಟೆಗಟ್ಟಲೆ ಓಡಿ ನಿಲ್ಲುವ ಲಕ್ಷಣ ಲೀಕ್‌ನದು: ಪಡೆದ ಕನೆಕ್ಷನ್ ಎಲ್ಲೋ ಹಿಂದಿರುಗುತ್ತಿಲ್ಲ. ಪೂಲ್ ದೊಡ್ಡದಾದರೆ ಸರ್ವರ್ ನಿಲ್ಲುವುದು ಇನ್ನಷ್ಟು ತಡವಾಗುತ್ತದೆ, ಅಷ್ಟೇ. ಸಾಮಾನ್ಯವಾಗಿ ಕ್ಲೋಸ್ ಕರೆ ಇದ್ದೇ ಇರುತ್ತದೆ, ಆದರೆ ಅದಕ್ಕೂ ಮೊದಲೇ ಎಕ್ಸೆಪ್ಶನ್ ಬಂದು ಆ ಸಾಲಿಗೆ ತಲುಪುವುದೇ ಇಲ್ಲ. ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್ ಮೂರನ್ನೂ ಟ್ರೈ-ವಿತ್-ರಿಸೋರ್ಸಸ್‌ನಲ್ಲೇ ತೆರೆಯಿರಿ, ಎಕ್ಸೆಪ್ಶನ್ ಬಂದರೂ ಅದು ತಾನೇ ಕ್ಲೋಸ್ ಮಾಡುತ್ತದೆ. ಜಾವಾ 7ರಿಂದಲೂ ಇದು ಇದೆ. ಕ್ಲೋಸ್ ಎಂದರೆ ಇಲ್ಲಿ ಡೇಟಾಬೇಸ್ ಸಂಪರ್ಕ ಕಡಿಯುವುದಿಲ್ಲ, ಕನೆಕ್ಷನ್ ಪೂಲಿಗೆ ಮರಳುತ್ತದೆ.

ಲೀಕ್ ಎಲ್ಲಿದೆ ಎಂದು ಹುಡುಕಲು ರಿಮೂವ್‌ಅಬಾಂಡನ್ಡ್‌ಆನ್‌ಬಾರೋ ಟ್ರೂ, ರಿಮೂವ್‌ಅಬಾಂಡನ್ಡ್‌ಟೈಮ್‌ಔಟ್ 60, ಲಾಗ್‌ಅಬಾಂಡನ್ಡ್ ಟ್ರೂ ಮಾಡಿ. 60 ಸೆಕೆಂಡ್ ಬಳಕೆಯಾಗದೆ ಹೊರಗುಳಿದ ಕನೆಕ್ಷನ್ ಅನ್ನು ಪೂಲ್ ಕಿತ್ತುಕೊಳ್ಳುತ್ತದೆ. ಕನೆಕ್ಷನ್ ಪಡೆದ ಜಾಗದ ಸ್ಟ್ಯಾಕ್ ಟ್ರೇಸ್ ಲಾಗಿಗೆ ಬೀಳುತ್ತದೆ. ಅದರಲ್ಲಿ ನಿಮ್ಮ ಪ್ಯಾಕೇಜ್ ಹೆಸರಿರುವ ಮೊದಲ ಸಾಲು ನೋಡಿ. ಪೂಲ್ ಬಹುತೇಕ ಖಾಲಿಯಾದಾಗ ಮಾತ್ರ, ಅಂದರೆ ಬಿಡುವಾಗಿರುವುದು ಎರಡಕ್ಕಿಂತ ಕಡಿಮೆ ಇದ್ದು, ಬಳಕೆಯಲ್ಲಿರುವುದು ಮ್ಯಾಕ್ಸ್‌ಟೋಟಲ್‌ಗಿಂತ ಮೂರು ಕಡಿಮೆ ಎನ್ನುವ ಮಟ್ಟ ದಾಟಿದಾಗ, ಇದು ಕೆಲಸ ಮಾಡುತ್ತದೆ. ಹಾಗಾಗಿ ಪರೀಕ್ಷೆಗೆ ಚಿಕ್ಕ ಪೂಲೇ ಒಳ್ಳೆಯದು. ಎರಡು ನಿಮಿಷ ಓಡುವ ರಿಪೋರ್ಟ್ ಕ್ವೆರಿ ಇದ್ದರೆ ಅದನ್ನೂ ನಡುವೆಯೇ ಕಿತ್ತುಕೊಳ್ಳಬಹುದು, ಆದ್ದರಿಂದ ಇದನ್ನು ಕಾಯಂ ಪರಿಹಾರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಡ್ರೈವರ್ ಕ್ಲಾಸ್ ಖಾಲಿ, ಯುಆರ್‌ಎಲ್ ನಲ್ ಎಂಬ ಎರರ್ ಬರುತ್ತಿದೆ. ಎರಡನ್ನೂ ಸರಿಯಾಗಿಯೇ ಕೊಟ್ಟಿದ್ದೇನೆ.

ಉತ್ತರ: ಕೊಟ್ಟಿದ್ದೀರಿ, ಆದರೆ ಸರ್ವರ್‌ಗೆ ಅದು ಸಿಕ್ಕಿಲ್ಲ. ಕಾಂಟೆಕ್ಸ್ಟ್ ಫೈಲಿನ ರಿಸೋರ್ಸ್ ಹೆಸರೂ ವೆಬ್ ಎಕ್ಸ್‌ಎಂಎಲ್‌ನ ರಿಸೋರ್ಸ್-ರೆಫ್ ಹೆಸರೂ ಅಕ್ಷರಶಃ ಒಂದೇ ಇರಬೇಕು. ಸರ್ವರ್ ಎಕ್ಸ್‌ಎಂಎಲ್‌ನ ಗ್ಲೋಬಲ್ ವಿಭಾಗದಲ್ಲಿ ಬರೆದಿದ್ದರೆ ಕಾಂಟೆಕ್ಸ್ಟ್‌ನಲ್ಲಿ ರಿಸೋರ್ಸ್‌ಲಿಂಕ್ ಬೇಕೇ ಬೇಕು. ಡ್ರೈವರ್ ಜಾರ್ ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿನಲ್ಲಿರಲಿ. ಪೂಲ್ ಕಟ್ಟುವುದು ಸರ್ವರ್, ನಿಮ್ಮ ಅಪ್ಲಿಕೇಶನ್ ಅಲ್ಲ.

ಪ್ರಶ್ನೆ: ಹಾಗಾದರೆ ಪೂಲ್ ಎಷ್ಟಿರಬೇಕು? ಟಾಮ್‌ಕ್ಯಾಟ್‌ನಲ್ಲಿ 200 ಥ್ರೆಡ್ ಇವೆಯಲ್ಲ?

ಉತ್ತರ: ಥ್ರೆಡ್‌ಗೊಂದು ಕನೆಕ್ಷನ್ ಬೇಡ. ಡೇಟಾಬೇಸ್ ಯಂತ್ರದ ಕೋರ್‌ಗಳ ಎರಡರಷ್ಟಕ್ಕೆ ಡಿಸ್ಕ್‌ಗಳ ಸಂಖ್ಯೆ ಕೂಡಿಸಿ ಆರಂಭಿಸುವುದು ರೂಢಿ. ನಾಲ್ಕು ಕೋರ್, ಒಂದು ಡಿಸ್ಕ್ ಇದ್ದರೆ 9. ಅಲ್ಲಿಂದ ಅಳೆಯುತ್ತಾ ಏರಿಸಿ. ಇದು ಡೇಟಾಬೇಸ್‌ಗೆ ಒಟ್ಟು ಲೆಕ್ಕ, ನಾಲ್ಕು ಸರ್ವರ್ ಇದ್ದರೆ ಅವುಗಳೊಳಗೆ ಹಂಚಬೇಕು. ಮೈಎಸ್‌ಕ್ಯುಎಲ್‌ನ ಡಿಫಾಲ್ಟ್ ಮಿತಿ 151, ಪೋಸ್ಟ್‌ಗ್ರೆಸ್‌ನದು 100. ನಾಲ್ಕು ಸರ್ವರ್ ತಲಾ 50 ಇಟ್ಟುಕೊಂಡರೆ ಎರಡೂ ಕೈಯೆತ್ತುತ್ತವೆ. ಇನ್ನೊಂದು ಅಪಾಯ: ಒಂದು ಕನೆಕ್ಷನ್ ಹಿಡಿದಿರುವ ಥ್ರೆಡ್ಡೇ ಎರಡನೆಯದನ್ನು ಕೇಳುವ ಕೋಡ್. ಎಲ್ಲರ ಕೈಯಲ್ಲೂ ಒಂದೊಂದು, ಎಲ್ಲರೂ ಇನ್ನೊಂದಕ್ಕೆ ಕಾಯುವವರು. ಅಂಥ ಕೋಡನ್ನು ತಿದ್ದುವುದೇ ಮೇಲು.

ಪ್ರಶ್ನೆ: ಬೆಳಿಗ್ಗೆ ಮೊದಲ ಲಾಗಿನ್ ಮಾತ್ರ ವಿಫಲವಾಗುತ್ತದೆ, ಎರಡನೆಯದು ಸರಿ. ಮೈಎಸ್‌ಕ್ಯುಎಲ್ ಬಳಸುತ್ತೇವೆ.

ಉತ್ತರ: ಅದರ ವೇಟ್_ಟೈಮ್‌ಔಟ್ 28800 ಸೆಕೆಂಡ್, ಎಂಟು ಗಂಟೆ. ರಾತ್ರಿಯಿಡೀ ಸುಮ್ಮನಿದ್ದ ಕನೆಕ್ಷನ್ ಅನ್ನು ಮೈಎಸ್‌ಕ್ಯುಎಲ್ ಕಡಿದಿರುತ್ತದೆ, ಪೂಲ್‌ಗೆ ಗೊತ್ತಿರುವುದಿಲ್ಲ. ಕೊಡುವ ಮೊದಲು ಕನೆಕ್ಷನ್ ಪರೀಕ್ಷಿಸುವ ಟೆಸ್ಟ್‌ಆನ್‌ಬಾರೋ ಡಿಬಿಸಿಪಿ 2ರಲ್ಲಿ ಡಿಫಾಲ್ಟಾಗಿಯೇ ಟ್ರೂ. ರಿಸೋರ್ಸ್‌ನಲ್ಲಿ ಫ್ಯಾಕ್ಟರಿ ಕೊಟ್ಟು ಟಾಮ್‌ಕ್ಯಾಟ್‌ನದೇ ಇನ್ನೊಂದು ಪೂಲ್ ಆದ ಟಾಮ್‌ಕ್ಯಾಟ್ ಜೆಡಿಬಿಸಿ ಪೂಲ್ ಬಳಸುತ್ತಿದ್ದರೆ ಅಲ್ಲಿ ಫಾಲ್ಸ್, ನೀವೇ ಟ್ರೂ ಮಾಡಬೇಕು. ಜೊತೆಗೆ ಪರೀಕ್ಷೆಗೆ ಓಡಿಸುವ ವ್ಯಾಲಿಡೇಶನ್‌ಕ್ವೆರಿಯಾಗಿ ‘ಸೆಲೆಕ್ಟ್ 1’ ಕೊಡಿ.