ಮದುವೆಗೆ ಹತ್ತೇ ದಿನ ಇದೆ, 35% ವೈಟ್ನಿಂಗ್ ಜೆಲ್ ಹಾಕ್ಲಾ? ದಂತವೈದ್ಯರ ಉತ್ತರ

ಮದುವೆ ಸೀಸನ್ ಶುರುವಾಯ್ತು ಅಂದ್ರೆ ಮನೇಲಿ ಹಾಕ್ಕೊಳ್ಳೋ ವೈಟ್ನಿಂಗ್ ಟ್ರೇ (ನಿಮ್ಮ ಹಲ್ಲಿನ ಅಳತೆಗೆ ಮಾಡಿದ, ಒಳಗೆ ಜೆಲ್ ಹಾಕಿ ಹಲ್ಲಿಗೆ ತೊಡೋ ತೆಳು ಪ್ಲಾಸ್ಟಿಕ್ ಅಚ್ಚು) ಬಗ್ಗೆ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರ್ತವೆ. ಅದರಲ್ಲಿ ಒಂದಕ್ಕೆ ಈ ಸಲ ಪೂರ್ತಿ ಉತ್ತರ ಕೊಡ್ತೀನಿ, ಯಾಕಂದ್ರೆ ಅವಸರದಲ್ಲಿ ವಸಡು ಸುಟ್ಕೊಂಡು ಬರೋರನ್ನ ನೋಡಿ ನೋಡಿ ಸಾಕಾಗಿದೆ.

ಪ್ರಶ್ನೆ: ಡಾಕ್ಟರೇ, ಇನ್ನು ಹತ್ತು ದಿನಕ್ಕೆ ನನ್ನ ಮದುವೆ. ನಮ್ಮ ಡೆಂಟಿಸ್ಟ್ ಟ್ರೇ ಮಾಡ್ಸಿ 10% ಜೆಲ್ ಕೊಟ್ಟು ರಾತ್ರಿ ಹಾಕ್ಕೊಂಡು ಮಲಗಿ ಅಂದಿದ್ದಾರೆ. ಮೂರು ರಾತ್ರಿ ಆಯ್ತು, ಅಂಥಾ ವ್ಯತ್ಯಾಸ ಕಾಣ್ತಿಲ್ಲ, ಮೇಲಾಗಿ ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅನ್ನುತ್ತೆ. ಎನಾಮಲ್ ಕರಗ್ತಿದೆಯಾ? ಫ್ರೆಂಡ್ ಆನ್‌ಲೈನ್‌ನಲ್ಲಿ 35% ಸಿರಿಂಜ್ ತರಿಸಿದ್ದಾಳೆ, ಇದೇ ಟ್ರೇಗೆ ಅದನ್ನ ಹಾಕ್ಲಾ?

ಉತ್ತರ: ಬೇಡಮ್ಮ, ಹಾಕ್ಬೇಡಿ. ಮೊದಲು ಆ ಸಿರಿಂಜ್ ಮೇಲಿನ ಲೇಬಲ್ ಓದಿ, 35% ಅಂತ ಬರೆದಿದ್ರೆ ಸಾಲದು, ಯಾವುದರ 35% ಅನ್ನೋದು ಮುಖ್ಯ. ನಿಮ್ಮ ಡೆಂಟಿಸ್ಟ್ ಕೊಟ್ಟಿರೋದು ಕಾರ್ಬಮೈಡ್ ಪೆರಾಕ್ಸೈಡ್, ಅದು ಬಾಯಲ್ಲಿ ಒಡೆದು ಯೂರಿಯಾ ಮತ್ತೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ, ಕೆಲಸ ಮಾಡೋದು ಆ ಪೆರಾಕ್ಸೈಡು. 10% ಕಾರ್ಬಮೈಡ್ ಅಂದ್ರೆ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಅಷ್ಟೇ, 35% ಕಾರ್ಬಮೈಡ್ ಅಂದ್ರೆ ಸುಮಾರು 12%. ಆದ್ರೆ ಫ್ರೆಂಡ್ ತರಿಸಿರೋದು 35% ಹೈಡ್ರೋಜನ್ ಪೆರಾಕ್ಸೈಡೇ ಆಗಿದ್ರೆ ಅದು ನಿಮ್ಮ ಜೆಲ್‌ಗಿಂತ ಹತ್ತು ಪಟ್ಟು ಸ್ಟ್ರಾಂಗು, ಅದನ್ನ ನಾವು ಕ್ಲಿನಿಕ್‌ನಲ್ಲಿ ವಸಡಿನ ಮೇಲೆ ರಕ್ಷಣೆ ಪದರ ಹಚ್ಚಿ, ತುಟಿ ಆ ಕಡೆ ಈ ಕಡೆ ಸರಿಸಿ, ಪಕ್ಕದಲ್ಲೇ ಕೂತು ಹಾಕೋದು. ಟ್ರೇಗೆ ಹಾಕ್ಕೊಂಡು ಮಲಗಿದ್ರೆ ಬೆಳಗ್ಗೆ ವಸಡು ಬೆಳ್ಳಗಾಗಿ ಉರೀತಾ ಇರುತ್ತೆ, ಹುಣ್ಣಾದ ಬಾಯಿ ಇಟ್ಕೊಂಡು ಮಂಟಪದಲ್ಲಿ ಕೂರ್ತೀರಾ?

10% ಅಂದ್ರೆ ಏನೋ ಕಮ್ಮಿ ಕ್ವಾಲಿಟಿ ಕೊಟ್ಟು ಕಳಿಸಿದ್ದಾರೆ ಅಂತ ಅಂದ್ಕೊಳ್ಳೋದು ತಪ್ಪು. ಅಮೆರಿಕದ ಹೇವುಡ್ ಮತ್ತು ಹೈಮನ್ ಅನ್ನೋ ದಂತವೈದ್ಯರು 1989ರಲ್ಲಿ ರಾತ್ರಿ ಟ್ರೇ ವಿಧಾನವನ್ನ ಪ್ರಕಟಿಸಿದಾಗ ಬಳಸಿದ್ದೂ ಈ 10% ಜೆಲ್ಲನ್ನೇ, ಇವತ್ತಿಗೂ ನಾನು ಹೆಚ್ಚಾಗಿ ಕೊಡೋದು ಅದನ್ನೇ. ಜಾಸ್ತಿ ಪರ್ಸೆಂಟ್ ಹಾಕಿದ್ರೆ ಬೇಗ ಬೆಳ್ಳಗಾಗುತ್ತೆ ನಿಜ, ಆದ್ರೆ ಕೊನೆಗೆ ಸಿಗೋ ಶೇಡ್ ಹೆಚ್ಚುಕಮ್ಮಿ ಅದೇ, ಜುಮ್ ಅನ್ನೋದು ಮಾತ್ರ ಜಾಸ್ತಿ. ಹಾಕಿ ಎರಡು ಗಂಟೆ ಆದ್ಮೇಲೂ ಈ ಜೆಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಶಕ್ತಿ ಉಳಿದಿರುತ್ತೆ, ಅದಕ್ಕೇ ರಾತ್ರಿಯಿಡೀ ಅನ್ನೋದು. ಮಾಮೂಲಿ ಹಳದಿಗೆ ಎರಡು ವಾರ ಬೇಕು, ಕೆಲವರಿಗೆ ಆರು ವಾರ, ಮೂರು ರಾತ್ರಿಗೆ ಕನ್ನಡಿ ಮುಂದೆ ನಿಂತು ಬೇಜಾರಾದ್ರೆ ಹೇಗೆ?

ಇನ್ನು ಎನಾಮಲ್ ಕರಗ್ತಿಲ್ಲ. ಪೆರಾಕ್ಸೈಡ್ ಕಣ ತುಂಬಾ ಚಿಕ್ಕದು, ಎನಾಮಲ್ ದಾಟಿ ಕೆಲವೇ ನಿಮಿಷದಲ್ಲಿ ಹಲ್ಲಿನ ನರದ ತನಕ ಹೋಗುತ್ತೆ, ನರ ಸ್ವಲ್ಪ ಕೆರಳುತ್ತೆ, ಆ ಜುಮ್ ಅದರದ್ದು, ನಿಲ್ಸಿದ್ರೆ ಸಾಮಾನ್ಯವಾಗಿ ಕೆಲವು ದಿನದಲ್ಲಿ ಹೋಗುತ್ತೆ. ಇವತ್ತು ಜೆಲ್ ಬೇಡ. ಪೊಟ್ಯಾಶಿಯಂ ನೈಟ್ರೇಟ್ ಇರೋ ಸೆನ್ಸಿಟಿವ್ ಪೇಸ್ಟನ್ನ ಅದೇ ಟ್ರೇಗೆ ಹಾಕಿ ಹತ್ತಿಪ್ಪತ್ತು ನಿಮಿಷ ಇಟ್ಕೊಂಡು ತೊಳೀರಿ. ನಾಳೆಯಿಂದ ಒಂದು ದಿನ ಬಿಟ್ಟು ಒಂದು ದಿನ ಜೆಲ್. ಒಂದೇ ಹಲ್ಲು ವಿಪರೀತ ನೋಯ್ತಿದ್ರೆ ಅದು ಬೇರೆ ಕಥೆ, ಹುಳುಕೋ ಬಿರುಕೋ ಇರುತ್ತೆ, ಟ್ರೇ ಪಕ್ಕಕ್ಕಿಟ್ಟು ತೋರಿಸ್ಕೊಂಡು ಬನ್ನಿ.

ಆಮೇಲೆ ಎಷ್ಟು ಹಾಕ್ತಿದ್ದೀರಿ ನೋಡಿ. ಬ್ರಶ್ ಮಾಡಿ, ಟ್ರೇಯಲ್ಲಿ ಒಂದೊಂದು ಹಲ್ಲಿನ ಗುಳಿಗೂ ಮುಂದಿನ ಗೋಡೆ ಕಡೆ ಅಕ್ಕಿಕಾಳಷ್ಟೇ ಜೆಲ್, ಹಾಕ್ಕೊಂಡ್ಮೇಲೆ ವಸಡಿನ ಅಂಚಿಗೆ ಉಬ್ಬಿ ಬಂದಿದ್ದನ್ನ ಬೆರಳಲ್ಲೋ ಹತ್ತೀಲೋ ಒರೆಸಿ ತೆಗೀಬೇಕು. ಅರ್ಧ ಸಿರಿಂಜ್ ಸುರಿದ್ರೆ ಹಲ್ಲಿಗೆ ಏನೂ ಜಾಸ್ತಿ ಸಿಗಲ್ಲ, ಮಿಕ್ಕಿದ್ದೆಲ್ಲಾ ವಸಡಿಗೂ ಹೊಟ್ಟೆಗೂ ಹೋಗುತ್ತೆ. ಟ್ರೇ ತಣ್ಣೀರಲ್ಲೇ ತೊಳೀರಿ, ಬಿಸಿನೀರಿಗೆ ಅದು ಸೊಟ್ಟಗಾಗಿ ಮತ್ತೆ ಕೂರಲ್ಲ.

ಹತ್ತು ದಿನಕ್ಕೆ ನನ್ನ ಸಲಹೆ, ಮೇಲಿನ ಸಾಲಿಗೆ ಮಾತ್ರ ಹಾಕಿ, ನಕ್ಕಾಗ ಕಾಣೋದು ಅದೇ. ಮದುವೆಗೆ ಮೂರು ದಿನ ಮುಂಚೆ ಪೂರ್ತಿ ನಿಲ್ಸಿ. ಟ್ರೇ ತೆಗೆದ ತಕ್ಷಣ ಹಲ್ಲು ಒಣಗಿರೋದ್ರಿಂದ ಇರೋದಕ್ಕಿಂತ ಬೆಳ್ಳಗೆ ಕಾಣುತ್ತೆ, ಆಮೇಲೆ ಸ್ವಲ್ಪ ಇಳಿದು ನಿಲ್ಲುತ್ತೆ, ನಿಜವಾದ ಬಣ್ಣ ಅದು. ಮುಂದೆ ಮದುವೆ ಇರೋರು ದಯವಿಟ್ಟು ಎರಡು ತಿಂಗಳು ಮುಂಚೆ ಬನ್ನಿ.

ಪ್ರಶ್ನೆ: ನಿಂಬೆಹಣ್ಣು, ಅಡುಗೆ ಸೋಡಾ ಉಜ್ಜಿದ್ರೆ ಆಗಲ್ವಾ? ಕೆಮಿಕಲ್ ಯಾಕೆ?

ಎನಾಮಲ್ ಕರಗೋದು ನಿಂಬೆಯಿಂದಲೇ, ಹೋದ ಎನಾಮಲ್ ಮತ್ತೆ ಬೆಳೆಯಲ್ಲ. ಇದ್ದಿಲ ಪುಡಿಗೂ ಇದೇ ಮಾತು, ಅದು ಉಜ್ಜಿ ಉಜ್ಜಿ ಸವೆಸುತ್ತೆ.

ಪ್ರಶ್ನೆ: ಮುಂದಿನ ಹಲ್ಲಿಗೆ ಕ್ಯಾಪ್ ಇದೆ, ಅದೂ ಬೆಳ್ಳಗಾಗುತ್ತಾ?

ಇಲ್ಲ. ಕ್ಯಾಪು, ಸಿಮೆಂಟು ಯಾವುದೂ ಬಣ್ಣ ಬದಲಾಯಿಸಲ್ಲ. ಮೊದಲು ವೈಟ್ನಿಂಗ್, ಎರಡು ವಾರ ಬಿಟ್ಟು ಆ ಶೇಡ್‌ಗೆ ಹೊಂದೋ ಹೊಸ ಕ್ಯಾಪು.

ಪ್ರಶ್ನೆ: ಪಾವಗಡದವನು, ಹಲ್ಲಲ್ಲಿ ಚಿಕ್ಕಂದಿನಿಂದ ಕಂದು ಕಲೆ. ಪಾರ್ಲರ್‌ನಲ್ಲಿ ನೀಲಿ ಲೈಟ್ ಹಾಕಿ ಒಂದೇ ಗಂಟೇಲಿ ತೆಗೀತೀವಿ ಅಂತಾರೆ.

ಪಾರ್ಲರ್‌ಗೆ ಹೋಗ್ಬೇಡಿ, ಲೈಟ್ ಹಿಡಿಯೋರಿಗೆ ಹುಳುಕು ಯಾವುದು ಕಲೆ ಯಾವುದು ಗೊತ್ತಿರಲ್ಲ. ಜಾತ್ರೇಲಿ ಹತ್ತಿ ಅದ್ದಿ ಕ್ಷಣದಲ್ಲಿ ಕರೆ ತೆಗೆಯೋರು ಉಜ್ಜೋದು ಆ್ಯಸಿಡ್ಡು. ಬಾಯಿಗೆ ಕೈ ಹಾಕೋರು ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರ್ಬೇಕು, ನಂಬರ್ ಕೇಳೋಕೆ ಸಂಕೋಚ ಬೇಡ. ನಿಮ್ಮ ಕಲೆ ಬಹುಪಾಲು ಬೋರ್‌ವೆಲ್ ನೀರಿನ ಫ್ಲೋರೈಡ್‌ದು, ದವಡೆಯೊಳಗೆ ಹಲ್ಲು ರೂಪ ಆಗೋವಾಗಲೇ ಕೂತಿದ್ದು, ಕ್ಲೀನಿಂಗ್‌ಗೆ ಬರಲ್ಲ. ಟ್ರೇಯಿಂದ ಕಂದು ಎಷ್ಟೋ ತಿಳಿಯಾಗುತ್ತೆ ಆದ್ರೆ ಬಿಳಿ ಮಚ್ಚೆ ಉಳಿಯುತ್ತೆ, ಶುರುವಲ್ಲಿ ಇನ್ನೂ ಎದ್ದು ಕಾಣುತ್ತೆ, ಅದಕ್ಕೆ ಎನಾಮಲ್‌ನ ಮೇಲ್ಪದರ ತುಸುವೇ ಉಜ್ಜಿ ತೆಗೆಯೋ ಚಿಕಿತ್ಸೆ ಬೇರೆ ಇದೆ. ಮನೇಲಿ ಚಿಕ್ಕ ಮಕ್ಕಳಿದ್ರೆ ನೀರು ಟೆಸ್ಟ್ ಮಾಡ್ಸಿ, ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ದಾಟ್ಬಾರ್ದು, ಬೇರೆ ನೀರೇ ಇಲ್ಲ ಅಂದ್ರೂ 1.5 ಕೊನೆ.

ಪ್ರಶ್ನೆ: ಬಿದ್ದು ಪೆಟ್ಟಾದ ಒಂದೇ ಹಲ್ಲು ಕಪ್ಪಾಗಿದೆ, ಅದಕ್ಕೆ ಮಾತ್ರ ಜೆಲ್ ಹಾಕ್ಲಾ?

ಒಳಗೆ ನರ ಸತ್ತಿರಬಹುದು, ಬೇರಿನ ತುದೀಲಿ ಕೀವು ಆಗ್ತಿರಬಹುದು, ನೋವಿಲ್ಲ ಅಂತ ಬಿಡಬೇಡಿ. ಜೆಲ್ ಮುಟ್ಟೋಕೆ ಮುಂಚೆ ಎಕ್ಸ್‌ರೇ ತೆಗೆಸಿ, ರೂಟ್ ಕೆನಾಲ್ ಬೇಕಾದ್ರೆ ಅದಾದ್ಮೇಲೆ ಹಲ್ಲಿನ ಒಳಗಿಂದಲೇ ಬ್ಲೀಚ್ ಮಾಡ್ಬಹುದು.