ಓದುಗರ ಪ್ರಶ್ನೆ, ನಮ್ಮ ಉತ್ತರ: ಮರೆಯಲ್ಲಿ ಉಳಿದ ಸಿನಿಮಾಗಳನ್ನು ಹುಡುಕುವ ಬಗೆ

ಪ್ರಶ್ನೆ: ಮಾನ್ಯರೆ, ನಮ್ಮ ಮನೆಯಲ್ಲಿ ಎರಡು ಒಟಿಟಿಗಳಿಗೆ ಚಂದಾ ಕಟ್ಟುತ್ತೇವೆ. ಎರಡರಲ್ಲೂ ಅವೇ ಹತ್ತಾರು ಹೆಸರುಗಳು ಎದುರಾಗುತ್ತವೆ. ಟರ್ಕಿ, ಇರಾನ್, ಆಫ್ರಿಕಾದ ಹಳೆಯ, ಹೆಚ್ಚು ಜನ ನೋಡಿರದ ಚಿತ್ರಗಳನ್ನು ನಮ್ಮಂಥ ಊರಿನಲ್ಲಿ ಕುಳಿತು ಪತ್ತೆ ಹಚ್ಚುವುದು ಹೇಗೆ? ಬೆಂಗಳೂರಿನ ಚಿತ್ರೋತ್ಸವಕ್ಕೆ ಹೋಗಿ ವಾರಗಟ್ಟಲೆ ಇರುವ ಅನುಕೂಲ ನನಗಿಲ್ಲ.
– ಪ್ರೌಢಶಾಲಾ ಶಿಕ್ಷಕರು, ನರಗುಂದ

ಉತ್ತರ: ನೀವು ಈಗಾಗಲೇ ನೋಡಿದ್ದನ್ನೇ ಲೆಕ್ಕಕ್ಕೆ ಹಿಡಿದು ಒಟಿಟಿಯು ಮುಂದಿನದನ್ನು ಸೂಚಿಸುವುದರಿಂದ, ಹೊಸದನ್ನು ಅಲ್ಲಿ ಹುಡುಕುವುದು ವ್ಯರ್ಥ ಶ್ರಮ. ಚಿತ್ರವೊಂದು ಮರೆಗೆ ಸರಿಯುವುದಕ್ಕೆ ಬಹಳ ಸಲ ಅದರ ಗುಣಕ್ಕಿಂತ ಅದರ ಪ್ರಿಂಟಿಗೆ ಬಂದ ಗತಿಯೇ ಕಾರಣವಾಗಿರುತ್ತದೆ: ನೆಗೆಟಿವ್ ಕೊಳೆತಿರುತ್ತದೆ, ಹಂಚಿಕೆದಾರರು ಕೈಬಿಟ್ಟಿರುತ್ತಾರೆ, ಇಲ್ಲವೇ ಸರ್ಕಾರ ನಿಷೇಧಿಸಿರುತ್ತದೆ. ಆದ್ದರಿಂದ ಅಂಥ ಪ್ರಿಂಟುಗಳನ್ನು ಹುಡುಕಿ ಉಳಿಸುವವರು ಯಾರಿದ್ದಾರೋ ಅವರ ಬೆನ್ನು ಹತ್ತುವುದೇ ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2007ರಲ್ಲಿ ಆರಂಭಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಇದನ್ನೇ ಮಾಡುತ್ತ ಬಂದಿದೆ. ಅದರ ಪಟ್ಟಿಯಲ್ಲಿ ನೀವು ಮೊದಲು ಹುಡುಕಬೇಕಾದದ್ದು ಮೆಟಿನ್ ಎರ್ಕ್ಸಾನ್ ಅವರ 1964ರ ಟರ್ಕಿಶ್ ಚಿತ್ರ 'ಸುಸುಜ್ ಯಾಜ್'. ಇಂಗ್ಲಿಷಿನಲ್ಲಿ ಇದು 'ಡ್ರೈ ಸಮ್ಮರ್' ಎಂಬ ಹೆಸರಿನಲ್ಲಿ ಸಿಗುತ್ತದೆ. ತಂಬಾಕು ಬೆಳೆಯುವ ಉಸ್ಮಾನ್ ಎಂಬ ರೈತನ ಹೊಲದಲ್ಲಿ ಒಂದು ಒರತೆ ಇದೆ. ಬೇಸಿಗೆ ಬಂದೊಡನೆ ಅವನು ಅದಕ್ಕೆ ಒಡ್ಡು ಕಟ್ಟಿ, ಕೆಳಗಿನ ಹೊಲದವರಿಗೆ ನೀರು ಹೋಗದಂತೆ ತಡೆಯುತ್ತಾನೆ. ತಮ್ಮ ಬೇಡವೆಂದರೂ ಕೇಳುವುದಿಲ್ಲ. ಅಲ್ಲಿಂದ ಶುರುವಾದ ಜಗಳ ಕೊಲೆಯವರೆಗೆ ಹೋಗುತ್ತದೆ. ಒಣಗಿ ಬಿರಿದ ಕಾಲುವೆಯಲ್ಲಿ ನೀರು ಹರಿದು ಬರುವ, ಮತ್ತೆ ನಿಂತುಹೋಗುವ ದೃಶ್ಯಗಳನ್ನು 1980ರ ರೈತ ಬಂಡಾಯವನ್ನು ಕಂಡ, ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ನಿಮ್ಮ ಊರಿನವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಬೇರ್ ಪಡೆದ ಚಿತ್ರವಿದು. ಅಂಥ ಪ್ರಶಸ್ತಿ ಬಂದ ಮೇಲೂ ಚಿತ್ರವೊಂದು ಮರೆಯಾಗಬಲ್ಲದು ಎಂಬುದನ್ನು ಗಮನಿಸಿ.

ಇರಾನಿನ ಮೊಹಮ್ಮದ್ ರೆಜಾ ಅಸ್ಲಾನಿ 1976ರಲ್ಲಿ ಮಾಡಿದ 'ಚೆಸ್ ಆಫ್ ದ ವಿಂಡ್' ಚಿತ್ರದ್ದು ಇನ್ನೂ ವಿಚಿತ್ರ ಕಥೆ. 1979ರ ಕ್ರಾಂತಿಯ ಬಳಿಕ ಅದು ನಿಷೇಧಕ್ಕೊಳಗಾಯಿತು, ನೆಗೆಟಿವ್ ನಾಶವಾಯಿತೆಂದೇ ಎಲ್ಲರೂ ನಂಬಿದ್ದರು. ಆದರೆ 2014ರಲ್ಲಿ ನಿರ್ದೇಶಕರ ಮಗನಿಗೆ ತೆಹರಾನಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಆ ನೆಗೆಟಿವಿನ ಡಬ್ಬಿಗಳು ಸಿಕ್ಕವು. ಪುನಶ್ಚೇತನಗೊಂಡ ಪ್ರತಿ 2020ರಲ್ಲಿ ಹೊರಬಂತು.

ಇನ್ನೆರಡು ಮೂಲಗಳನ್ನೂ ಹೇಳಿಬಿಡುತ್ತೇವೆ. ಇಟಲಿಯ ಬೊಲೋನ್ಯಾ ನಗರದಲ್ಲಿ ಪ್ರತಿ ಬೇಸಿಗೆ ನಡೆಯುವ 'ಇಲ್ ಸಿನೆಮಾ ರಿತ್ರೊವಾತೊ' ಉತ್ಸವವು ಮರಳಿ ಸಿಕ್ಕ ಚಿತ್ರಗಳಿಗಾಗಿಯೇ ಮೀಸಲಾಗಿದ್ದು, ಅದರ ಕಾರ್ಯಕ್ರಮ ಪಟ್ಟಿಯನ್ನು ಮನೆಯಲ್ಲೇ ಕುಳಿತು ಓದಬಹುದು. ಎರಡನೆಯದು, ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ಮತದಾನ. ಎಲ್ಲರೂ ಅದರ ಮೊದಲ ನೂರು ಹೆಸರುಗಳನ್ನಷ್ಟೇ ನೋಡಿ ಮುಗಿಸುತ್ತಾರೆ. 2022ರಲ್ಲಿ ಮತ ಹಾಕಿದ 1,600ಕ್ಕೂ ಹೆಚ್ಚು ಮಂದಿಯ ಬಿಡಿ ಪಟ್ಟಿಗಳಲ್ಲಿ ಒಬ್ಬರೋ ಇಬ್ಬರೋ ಮಾತ್ರ ಹೆಸರಿಸಿದ ಚಿತ್ರಗಳಿರುತ್ತವಲ್ಲ, ನಿಮಗೆ ಬೇಕಾದವು ಅವು. ನಿಮ್ಮ ರುಚಿಗೆ ಹೊಂದುವ ಒಬ್ಬ ವಿಮರ್ಶಕರು ಸಿಕ್ಕರೆ ಅವರ ಪಟ್ಟಿಯೊಂದನ್ನೇ ಹಿಡಿದು ನೋಡುತ್ತ ಹೋಗಿ.

ಪ್ರಶ್ನೆ: ಹೆಸರು ತಿಳಿದರೂ ಚಿತ್ರ ಸಿಗಬೇಕಲ್ಲ. ಕಳ್ಳ ಪ್ರತಿಯನ್ನು ಇಳಿಸಿಕೊಳ್ಳಲು ಮನಸ್ಸಿಲ್ಲ, ಖರ್ಚು ಮಾಡುವ ಶಕ್ತಿಯೂ ಇಲ್ಲ.
– ಪದವಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಪುಕ್ಕಟೆಯಾಗಿ, ಕಾನೂನುಬದ್ಧವಾಗಿಯೇ ಸಿಗುವುದು ನೀವು ಎಣಿಸಿದ್ದಕ್ಕಿಂತ ಹೆಚ್ಚಿದೆ. ಕೊರಿಯಾದ ಚಲನಚಿತ್ರ ಸಂಗ್ರಹಾಲಯವು ತನ್ನ ಯೂಟ್ಯೂಬ್ ವಾಹಿನಿಯಲ್ಲಿ ಹಳೆಯ ಚಿತ್ರಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಸಹಿತ ಇಟ್ಟಿದೆ. ಯು ಹ್ಯುನ್-ಮೊಕ್ ಅವರ 1961ರ 'ಏಮ್‌ಲೆಸ್ ಬುಲೆಟ್' ಚಿತ್ರವನ್ನು ಅಲ್ಲಿ ತಪ್ಪದೆ ನೋಡಿ. ಯುದ್ಧ ಮುಗಿದ ಸಿಯೋಲ್ ನಗರದ ಬಡ ಗುಮಾಸ್ತನೊಬ್ಬನಿಗೆ ಚಿತ್ರದುದ್ದಕ್ಕೂ ಹಲ್ಲುನೋವು; ಮನೆಮಂದಿಯ ಹೊಟ್ಟೆ ತುಂಬಿಸುವುದೇ ಕಷ್ಟವಾಗಿರುವಾಗ ಹಲ್ಲು ಕೀಳಿಸಲು ದುಡ್ಡೆಲ್ಲಿಯದು ಎಂದು ಅವನು ದವಡೆ ಒತ್ತಿ ಹಿಡಿದುಕೊಂಡೇ ಕಚೇರಿಗೂ ಮನೆಗೂ ಅಲೆಯುತ್ತಾನೆ. ಈ ಚಿತ್ರ ಇಂದು ನಮಗೆ ಲಭ್ಯವಿರುವುದು, ಸ್ಯಾನ್‌ಫ್ರಾನ್ಸಿಸ್ಕೊ ಚಿತ್ರೋತ್ಸವಕ್ಕೆಂದು ಇಂಗ್ಲಿಷ್ ಸಬ್‌ಟೈಟಲ್ ಅಚ್ಚು ಹಾಕಿ ಕಳಿಸಿದ್ದ ಪ್ರತಿಯೊಂದು ಉಳಿದುಕೊಂಡಿದ್ದರಿಂದ. ರಷ್ಯಾದ ಮಾಸ್‌ಫಿಲ್ಮ್ ಸಂಸ್ಥೆಯೂ ತನ್ನ ಚಿತ್ರಗಳನ್ನು ಹೀಗೆಯೇ ಹಂಚಿಕೊಂಡಿದೆ. ಅಲ್ಲಿ ಲಾರಿಸಾ ಶೆಪಿಟ್ಕೊ ಅವರ 1977ರ 'ದಿ ಅಸೆಂಟ್' ಹುಡುಕಿ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ತಾಣದಲ್ಲಿ ಸಾಕ್ಷ್ಯಚಿತ್ರಗಳೂ ಅನಿಮೇಷನ್ ಚಿತ್ರಗಳೂ ಧಾರಾಳವಾಗಿವೆ.

ಒಂದು ಮಾತು: ಅಪರೂಪದ್ದೆಲ್ಲ ಉತ್ತಮವಾದದ್ದೇನಲ್ಲ. ಅರ್ಧ ಗಂಟೆ ನೋಡಿಯೂ ಹಿಡಿಸದಿದ್ದರೆ ಸಂಕೋಚವಿಲ್ಲದೆ ನಿಲ್ಲಿಸಿಬಿಡಿ.

ಪ್ರಶ್ನೆ: ನಮ್ಮ ಹಾಸ್ಟೆಲಿನ ಗೆಳೆಯರಿಗೆ ಇಂಥ ಚಿತ್ರಗಳನ್ನು ತೋರಿಸಬೇಕೆಂದಿದ್ದೇವೆ. ಇಂಗ್ಲಿಷ್ ಸಬ್‌ಟೈಟಲ್ ಓದುವ ವೇಗ ಹಲವರಿಗಿಲ್ಲ. ಕನ್ನಡದಲ್ಲಿ ನಾವೇ ಹಾಕಿಕೊಳ್ಳಬಹುದೆ?
– ಸ್ನಾತಕೋತ್ತರ ವಿದ್ಯಾರ್ಥಿಗಳು, ಧಾರವಾಡ

ಉತ್ತರ: ಖಂಡಿತ ಸಾಧ್ಯ. ಹಳ್ಳಿಯ ಪ್ರೇಕ್ಷಕರಿಗೆ ಲೋಕದ ಸಿನಿಮಾ ಅರ್ಥವಾಗದು ಎಂಬ ಮಾತನ್ನು ಹೆಗ್ಗೋಡಿನ ನೀನಾಸಂ ಚಿತ್ರಸಮಾಜವು ಬಹಳ ಹಿಂದೆಯೇ ಸುಳ್ಳು ಮಾಡಿದೆ. ಸಬ್‌ಟೈಟಲ್ ಕಡತವೆಂದರೆ ಎಸ್‌ಆರ್‌ಟಿ ಎಂಬ ಬಾಲವಿರುವ ಸಾದಾ ಪಠ್ಯ, ನೋಟ್‌ಪ್ಯಾಡಿನಲ್ಲೇ ತೆರೆದುಕೊಳ್ಳುತ್ತದೆ. ಮೊದಲ ಸಾಲಿನಲ್ಲಿ ಕ್ರಮಸಂಖ್ಯೆ, ಎರಡನೆಯದರಲ್ಲಿ ಮಾತು ಮೂಡುವ ಮತ್ತು ಅಳಿಯುವ ವೇಳೆ (00:01:12,500 ಎಂಬ ರೀತಿಯಲ್ಲಿ), ಅದರ ಕೆಳಗೆ ಮಾತು, ಬಳಿಕ ಒಂದು ಖಾಲಿ ಸಾಲು. ವೇಳೆಯನ್ನು ಮುಟ್ಟದೆ ಮಾತನ್ನಷ್ಟೇ ಬದಲಿಸಿ, ಕನ್ನಡ ಅಕ್ಷರಗಳು ಕೆಡದಂತೆ ಕಾಯುವ ಯುಟಿಎಫ್-8 ವಿಧಾನದಲ್ಲಿ ಉಳಿಸಿ, ಚಿತ್ರದ ಕಡತಕ್ಕಿರುವ ಹೆಸರನ್ನೇ ಕೊಟ್ಟು ಅದೇ ಫೋಲ್ಡರಿನಲ್ಲಿಟ್ಟರೆ ವಿಎಲ್‌ಸಿ ಪ್ಲೇಯರ್ ತಾನಾಗಿ ತೋರಿಸುತ್ತದೆ. ಒಮ್ಮೆಗೆ ಎರಡು ಸಾಲು ಮೀರಬಾರದು. ಓದುತ್ತ ಕುಳಿತವರಿಗೆ ನಟನ ಮುಖ ತಪ್ಪಿಹೋಗುತ್ತದೆ. ಟರ್ಕಿಯ ರೈತ ನಿಮ್ಮ ಧಾರವಾಡ ಸೀಮೆಯ ಕನ್ನಡದಲ್ಲೇ ಮಾತನಾಡಲಿ, ಗ್ರಾಂಥಿಕ ಬೇಡ. ಸಾರ್ವಜನಿಕವಾಗಿ ತೋರಿಸುವುದಾದರೆ ಮಾತ್ರ ಹಕ್ಕುದಾರರ ಅನುಮತಿ ಪಡೆಯಲೇಬೇಕು. ಟಿಕೆಟ್ ಇಟ್ಟಿಲ್ಲವೆಂಬ ಕಾರಣಕ್ಕೆ ಅದರಿಂದ ವಿನಾಯಿತಿ ಸಿಗುವುದಿಲ್ಲ.

ಪ್ರಶ್ನೆ: ಪರದೇಶದ ಚಿತ್ರಗಳ ಚಿಂತೆ ಸರಿ, ನಮ್ಮವುಗಳ ಗತಿ ಏನು?
– ನಿವೃತ್ತ ರೈಲ್ವೆ ನೌಕರರು, ಹುಬ್ಬಳ್ಳಿ

ಉತ್ತರ: ಒಂದು ಒಳ್ಳೆಯ ಸುದ್ದಿಯಿದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಮೇಲೆ ಹೇಳಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಹಾಗೂ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನ ಕೈಯಲ್ಲಿ ಪುನಶ್ಚೇತನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934) ಮಾತ್ರ ಒಂದು ಪ್ರತಿಯೂ ಉಳಿಯದೆ ಹೋಗಿದೆ. ನಿಮ್ಮ ಕಡೆ ಮುಚ್ಚಿದ ಟಾಕೀಸುಗಳ ಅಟ್ಟದಲ್ಲಿ ಹಳೆಯ ರೀಲಿನ ಡಬ್ಬಿಗಳೇನಾದರೂ ಕಂಡರೆ, ಗುಜರಿಗೆ ಹೋಗುವ ಮೊದಲು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. ಡಬ್ಬಿಯಿಂದ ವಿನೆಗರಿನಂಥ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ, ತಡ ಮಾಡುವಂತಿಲ್ಲ. 1950ರ ದಶಕಕ್ಕಿಂತ ಹಿಂದಿನ ರೀಲು ನೈಟ್ರೇಟಿನದಾಗಿರಬಹುದು; ಅದಕ್ಕೆ ಬಹಳ ಬೇಗ ಬೆಂಕಿ ಹತ್ತುವುದರಿಂದ ಬಿಸಿಲಿಗೆ ಇಡಬೇಡಿ, ಹತ್ತಿರ ಬೀಡಿ ಸೇದುವವರನ್ನು ಬಿಡಬೇಡಿ.